ನಾಯಿಗಳ ಜೊತೆ ಮೋಟರ್‌ಹೋಮ್‌ನಲ್ಲಿ ಕೆನಡಾದ ಪ್ರೈರಿ ದಾಟುವುದು ಹೇಗೆ: ವಿನಿಪೆಗ್‌ನಿಂದ ಕ್ಯಾಲ್ಗರಿವರೆಗೆ

ವಿನಿಪೆಗ್‌ನಿಂದ ಕ್ಯಾಲ್ಗರಿಗೆ ಟ್ರಾನ್ಸ್-ಕೆನಡಾ ಹೆದ್ದಾರಿಯಲ್ಲಿ ಸುಮಾರು 1,300 ಕಿಲೋಮೀಟರ್. ಪ್ರೈರಿ ಅಂದರೆ ಈ ನಡುವಿನ ವಿಶಾಲ ಹುಲ್ಲುಗಾವಲು ಬಯಲು. ಹಟ ಹಿಡಿದು ಕಾರು ಓಡಿಸಿದರೆ ಎರಡೇ ದಿನ. ಹಾಗೆ ಓಡಿಸಿದವರೇ ಆಮೇಲೆ "ಅಲ್ಲಿ ನೋಡೋಕೆ ಏನಿದೆ, ಬರೀ ಹೊಲ" ಅನ್ನುತ್ತಾರೆ. ನಾಯಿಗಳನ್ನು ಹತ್ತಿಸಿಕೊಂಡು, ಎಂಟು ಹತ್ತು ದಿನ ಇಟ್ಟುಕೊಂಡು ಹೋಗುವವರಿಗೆ ಅದೇ ದಾರಿ ಬೇರೆ ಥರ ಕಾಣುತ್ತದೆ.

ದಾರಿ ನಡುವೆ ಸಿಗುವ ಸಸ್ಕಾಚೆವಾನ್ ಪ್ರಾಂತ್ಯದವರು ತಮ್ಮ ನಾಡಿನ ಬಗ್ಗೆ ತಾವೇ ಹೇಳಿಕೊಳ್ಳುವ ಒಂದು ಹಳೇ ತಮಾಷೆ ಇದೆ: ಇಲ್ಲಿ ನಾಯಿ ಮನೆ ಬಿಟ್ಟು ಓಡಿಹೋದರೆ ಮೂರು ದಿನ ಕಾಣಿಸುತ್ತಲೇ ಇರುತ್ತದಂತೆ. ಕೇಳೋಕೆ ಚೆನ್ನಾಗಿದೆ, ನಂಬಬೇಡಿ. ಜುಲೈನಲ್ಲಿ ಕ್ಯಾನೋಲ ಅನ್ನುವ ಸಾಸಿವೆಯಂಥ ಎಣ್ಣೆಬೀಜದ ಬೆಳೆ ಸೊಂಟದೆತ್ತರ ಬೆಳೆದು ನಿಂತಿರುತ್ತದೆ. ಅದರೊಳಗೆ ನುಗ್ಗಿದ ನಾಯಿ ಹತ್ತು ಹೆಜ್ಜೆಗೇ ಮಾಯ. ಸಮತಟ್ಟು ಅಂದುಕೊಂಡ ನೆಲದಲ್ಲೂ ಕೂಲಿ ಅಂತ ಕರೆಯುವ ಕೊರಕಲುಗಳು ಇದ್ದಕ್ಕಿದ್ದ ಹಾಗೆ ಬಾಯಿ ತೆರೆಯುತ್ತವೆ. ಪ್ರೈರಿಯಲ್ಲಿ ಮನುಷ್ಯರ ಕಣ್ಣೆಲ್ಲ ಆಕಾಶದ ಮೇಲೆ. ನಾಯಿಗೆ ಆಗುವ ತೊಂದರೆಗಳೆಲ್ಲ ಮೊಣಕಾಲಿನ ಕೆಳಗೆ, ಹುಲ್ಲಿನಲ್ಲಿ. ಈ ಮಾರ್ಗದರ್ಶಿಯ ಹೆಚ್ಚಿನ ಪಾಲು ಆ ಹುಲ್ಲಿನ ಬಗ್ಗೆಯೇ.

ಹಂತ 1: ವಾಹನ ಗೊತ್ತುಮಾಡಿ

ಮೋಟರ್‌ಹೋಮ್‌ಗಳಲ್ಲಿ ಮೂರು ಬಗೆ. ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ. ವ್ಯಾನಿನೊಳಗೇ ಮನೆ ಮಾಡಿದ್ದು ಕ್ಲಾಸ್ ಬಿ. ಟ್ರಕ್ಕಿನ ಮುಖ, ಹಿಂದೆ ಮನೆ, ಚಾಲಕನ ತಲೆ ಮೇಲೆ ಅಟ್ಟದಂಥ ಹಾಸಿಗೆ ಇರುವುದು ಕ್ಲಾಸ್ ಸಿ. ಬಾಡಿಗೆಗೆ ಜಾಸ್ತಿ ಸಿಗುವುದು ಈ ಕ್ಲಾಸ್ ಸಿ. ಇಬ್ಬರು, ಎರಡು ನಾಯಿ ಅಂದರೆ 24–25 ಅಡಿಯದು ಸಾಕು. ಉದ್ದ ಹೆಚ್ಚಿದಷ್ಟೂ ಅಡ್ಡಗಾಳಿ ಜಾಸ್ತಿ ತಳ್ಳುತ್ತದೆ, ರಾತ್ರಿ ತಂಗುವ ಹಳೆಯ ಪಾರ್ಕುಗಳ ಜಾಗದಲ್ಲಿ ನಿಲ್ಲಿಸುವುದೂ ಕಷ್ಟ. ಪೆಟ್ರೋಲು 100 ಕಿ.ಮೀ.ಗೆ 20ರಿಂದ 30 ಲೀಟರ್ ಲೆಕ್ಕ ಹಾಕಿ. ಪಶ್ಚಿಮಕ್ಕೆ ಹೋಗುವಾಗ ಗಾಳಿ ಬಹುಪಾಲು ಎದುರಿಂದಲೇ ಬರುತ್ತದೆ, ಹಾಗಾಗಿ ಖರ್ಚು ಆ 30ರ ಕಡೆಗೇ ವಾಲುತ್ತದೆ.

ಬಾಡಿಗೆಯವರನ್ನು ಮೊದಲೇ ಕೇಳಿ: ನಾಯಿಗೆ ಅನುಮತಿ ಇದೆಯಾ, ಎಷ್ಟು ನಾಯಿಗೆ, ಕೂದಲಿದ್ದರೆ ಶುಚಿ ಮಾಡುವ ಶುಲ್ಕ ಎಷ್ಟು, ಜಲ್ಲಿ ರಸ್ತೆಯಲ್ಲಿ ಓಡಿಸಬಹುದಾ, ದಿನಕ್ಕೆ ಎಷ್ಟು ಕಿಲೋಮೀಟರ್ ಉಚಿತ. ಉತ್ತರ ಬರಹದಲ್ಲಿ ಬರಲಿ. ಫೋನಿನಲ್ಲಿ "ನೋ ಪ್ರಾಬ್ಲಮ್" ಅಂದದ್ದು ವಾಪಸ್ ಕೊಡುವ ದಿನ ಯಾರಿಗೂ ನೆನಪಿರುವುದಿಲ್ಲ.

ಗುಂಡಿ ಒತ್ತಿದರೆ ಗೋಡೆಯೇ ಹೊರಗೆ ಸರಿದು ಕೋಣೆ ಅಗಲವಾಗುವ ಸ್ಲೈಡ್-ಔಟ್ ಕೆಲವು ವಾಹನಗಳಲ್ಲಿ ಇರುತ್ತದೆ. ಅದನ್ನು ಒಳಗೆ ಎಳೆಯುವಾಗ ಸಂದಿಯಲ್ಲಿ ನಾಯಿ ಸಿಕ್ಕಿಕೊಳ್ಳಬಹುದು. ನಾಯಿ ಹೊರಗೆ, ಇನ್ನೊಬ್ಬರ ಕೈಯಲ್ಲಿ ಲೀಶ್, ಆಮೇಲೇ ಗುಂಡಿ. ಈ ಕ್ರಮ ಒಂದು ಸಲವೂ ತಪ್ಪಬಾರದು. ಇನ್ನೊಂದು ಸಣ್ಣ ವಿಷಯ: ಬಾಗಿಲಿನ ಮಡಚುವ ಮೆಟ್ಟಿಲುಗಳ ನಡುವೆ ತೂತಿರುತ್ತದೆ. ನಾಯಿಗಳು ಅಲ್ಲೇ ಹಿಂಜರಿಯುತ್ತವೆ, ಕಾಲು ಸಿಕ್ಕಿಸಿಕೊಳ್ಳುತ್ತವೆ. ಪ್ರತಿ ಮೆಟ್ಟಿಲಿಗೂ ಒರಟು ಮ್ಯಾಟ್ ಕಟ್ಟಿದರೆ ಆಯಿತು.

ಹಂತ 2: ಒಂದು ತಿಂಗಳು ಮುಂಚೆ ಪಶುವೈದ್ಯರ ಹತ್ತಿರ

ರೇಬೀಸ್ ಲಸಿಕೆ ಚಾಲ್ತಿಯಲ್ಲಿರಲಿ. ಪ್ರೈರಿಯಲ್ಲಿ ಸ್ಕಂಕ್ ಅನ್ನುವ, ಗಬ್ಬು ವಾಸನೆಯ ದ್ರವ ಸಿಂಪಡಿಸುವ ಸಣ್ಣ ಪ್ರಾಣಿಗಳ ಮೂಲಕವೂ ರೇಬೀಸ್ ಹರಡುತ್ತದೆ. ಲಸಿಕೆ ಪತ್ರದ ಮೂಲ ಪ್ರತಿ ಜೊತೆಗಿಟ್ಟುಕೊಳ್ಳಿ, ಫೋಟೋ ಫೋನಿನಲ್ಲಿರಲಿ.

ಮಲೆನಾಡಿನವರಿಗೆ ಉಣುಗು ಅಂದರೆ ಮಂಗನ ಕಾಯಿಲೆ ನೆನಪಾಗುತ್ತದೆ, ಅಲ್ವಾ? ಇಲ್ಲಿ ಆ ಕಾಯಿಲೆ ಇಲ್ಲ. ಆದರೆ ವಿನಿಪೆಗ್ ಇರುವ ಮ್ಯಾನಿಟೋಬಾ ಪ್ರಾಂತ್ಯದ ದಕ್ಷಿಣದಲ್ಲಿ ಕರಿಕಾಲಿನ ಉಣುಗು ನೆಲೆಯೂರಿದೆ, ಅದು ಲೈಮ್ ಕಾಯಿಲೆ ತರುತ್ತದೆ. ಪಶ್ಚಿಮಕ್ಕೆ ಹೋದಂತೆ ಸಿಗುವುದು ಹೆಚ್ಚಾಗಿ ದೊಡ್ಡ ಗಾತ್ರದ ನಾಯಿ ಉಣುಗು. ಮೇ, ಜೂನ್‌ನಲ್ಲಿ ಅದರ ಕಾಟ ಹೇಳತೀರದು. ಮ್ಯಾನಿಟೋಬಾದ ಸೊಳ್ಳೆಗಳಿಂದ ನಾಯಿಗಳಿಗೆ ಹೃದಯದ ಹುಳುವೂ ಬರುತ್ತದೆ. ಉಣುಗು ಮತ್ತು ಹೃದಯದ ಹುಳು ಎರಡಕ್ಕೂ ತಡೆ ಮಾತ್ರೆ ಕೇಳಿ, ಹೊರಡುವ ಮುಂಚೆಯೇ ಶುರು ಮಾಡಿ.

ಮೈಕ್ರೋಚಿಪ್‌ನಲ್ಲಿ ಹಳೆಯ ಫೋನ್ ನಂಬರ್ ಇದ್ದರೆ ಬದಲಾಯಿಸಿ. ದಾರಿಯಲ್ಲಿ ಮೊಂಟಾನಾ ಕಡೆ ಗಡಿ ದಾಟಿ ಬರುವ ಆಸೆ ಇದ್ದರೆ ಗಮನಿಸಿ: 2024ರ ಆಗಸ್ಟ್‌ನಿಂದ ಅಮೆರಿಕಕ್ಕೆ ಹೋಗುವ ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿಯ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿರಬೇಕು.

ಹಂತ 3: ಕಾಲ ಮತ್ತು ದಾರಿ

ನನ್ನ ಆಯ್ಕೆ ಸೆಪ್ಟೆಂಬರ್‌ನ ಮೊದಲ ಹದಿನೈದು ದಿನ. ಶಾಲೆ ಶುರುವಾಗಿರುತ್ತದೆ, ಪಾರ್ಕುಗಳು ಖಾಲಿ, ಸೊಳ್ಳೆ ಕಡಿಮೆ, ಹಗಲು ಹದವಾದ ಬಿಸಿಲು. ಸ್ಯಾಂಡ್‌ಹಿಲ್ ಕೊಕ್ಕರೆಗಳು ಗುಂಪು ಗುಂಪಾಗಿ ದಕ್ಷಿಣಕ್ಕೆ ಹೊರಡುವ ಕಾಲವೂ ಅದೇ. ರಾತ್ರಿ ಚಳಿ ಇರುತ್ತದೆ, ಕೆಲವು ಪಾರ್ಕುಗಳಲ್ಲಿ ಅಷ್ಟು ಹೊತ್ತಿಗೆ ನಲ್ಲಿ ನೀರು ನಿಲ್ಲಿಸಿರುತ್ತಾರೆ, ಅಷ್ಟೇ. ಜುಲೈ, ಆಗಸ್ಟ್‌ನಲ್ಲೇ ಹೋಗಬೇಕು ಅಂದರೆ ಹೋಗಿ, ಆದರೆ ಬಿಸಿಲು, ಒಣಹುಲ್ಲು, ಕೆರೆಯ ಪಾಚಿ ಮೂರೂ ಒಟ್ಟಿಗೆ ಎದುರಾಗುತ್ತವೆ. ಬೇಸಿಗೆಗೆ ಹೆಸರಾದ ಪಾರ್ಕುಗಳಲ್ಲಿ ಜಾಗ ಬೇಕಾದರೆ ವರ್ಷದ ಆರಂಭದ ತಿಂಗಳುಗಳಲ್ಲೇ ಕಾಯ್ದಿರಿಸಿ.

ದಿನಕ್ಕೆ 250–300 ಕಿ.ಮೀ. ಮೀರಬೇಡಿ. ಆ ಲೆಕ್ಕದಲ್ಲಿ ದಾರಿ ಹೀಗೆ:

ವಿನಿಪೆಗ್ ಬಿಟ್ಟು ಬ್ರ್ಯಾಂಡನ್ ಮುಟ್ಟುವ ಮುಂಚೆ, ಕಾರ್ಬರಿಯ ದಕ್ಷಿಣಕ್ಕೆ ಸ್ಪ್ರೂಸ್ ವುಡ್ಸ್ ಪ್ರಾಂತೀಯ ಪಾರ್ಕು. ಅಲ್ಲಿನ ಸ್ಪಿರಿಟ್ ಸ್ಯಾಂಡ್ಸ್ ಅನ್ನುವ ಮರಳು ದಿಬ್ಬಗಳು ಮ್ಯಾನಿಟೋಬಾದಲ್ಲಿ ಇವೆ ಅಂದರೆ ನಂಬುವುದೇ ಕಷ್ಟ. ಬೆಳಿಗ್ಗೆಯೇ ಹತ್ತಿ ಇಳಿದುಬಿಡಿ, ಮಧ್ಯಾಹ್ನದ ಮರಳು ಅಂಗಾಲು ಸುಡುತ್ತದೆ. ಸಮಯ ಇದ್ದರೆ ಉತ್ತರಕ್ಕೆ ತಿರುಗಿ ರೈಡಿಂಗ್ ಮೌಂಟನ್ ರಾಷ್ಟ್ರೀಯ ಉದ್ಯಾನ ನೋಡಬಹುದು. ಅಲ್ಲಿ ಕರಿಕರಡಿ ಇದೆ, ನಾಯಿಯ ಅನ್ನ ಹೊರಗಿಡಬಾರದು.

ಮುಂದೆ ಸಸ್ಕಾಚೆವಾನ್. ರೀಜೈನಾಕ್ಕೆ ಮುಂಚೆ ಕ್ವಾಪೆಲ್ ಕಣಿವೆಗೆ ಇಳಿದು ಎಕೋ ವ್ಯಾಲಿ ಪಾರ್ಕಿನಲ್ಲಿ ಎರಡು ರಾತ್ರಿ ಇರಿ. ಮೂಸ್ ಜಾ ಊರಿನಲ್ಲಿ ಮ್ಯಾಕ್ ಅನ್ನುವ ದೈತ್ಯ ಮೂಸ್ (ಭಾರೀ ಗಾತ್ರದ ಜಿಂಕೆ) ಪ್ರತಿಮೆ ಇದೆ, ನಾರ್ವೆಯ ಒಂದು ಮೂಸ್ ಪ್ರತಿಮೆ ಇದಕ್ಕಿಂತ ಎತ್ತರ ಆಯಿತು ಅಂತ 2019ರಲ್ಲಿ ಇದಕ್ಕೆ ಹೊಸ ಕೊಂಬು ಹಾಕಿಸಿದರು. ಊರಿನ ಅಭಿಮಾನ ಅಂದರೆ ಇದು! ಸ್ವಿಫ್ಟ್ ಕರೆಂಟ್‌ನಿಂದ 4ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 120 ಕಿ.ಮೀ. ಹೋದರೆ ವಾಲ್ ಮರಿ. ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಭಾಗದ ಬಾಗಿಲು ಅದು. ಈ ಇಡೀ ಪ್ರವಾಸದಲ್ಲಿ ಒಂದೇ ಕಡೆ ಇಳಿಯಬಹುದು ಅಂದರೆ ನಾನು ಇಲ್ಲೇ ಇಳಿಯುತ್ತೇನೆ. ಉಳುಮೆ ಕಾಣದ ಹುಲ್ಲುಗಾವಲು ಹೇಗಿರುತ್ತದೆ ಅನ್ನುವುದು ಹೆದ್ದಾರಿಯಿಂದ ಗೊತ್ತಾಗುವುದಿಲ್ಲ.

ಅಲ್ಲಿಂದ ಸೈಪ್ರಸ್ ಹಿಲ್ಸ್. ಮೇಪಲ್ ಕ್ರೀಕ್ ಊರಿನ ದಕ್ಷಿಣಕ್ಕಿರುವ ಈ ಗುಡ್ಡಸಾಲು 1,400 ಮೀಟರ್ ದಾಟುತ್ತದೆ. ಕೆಳಗಿನ ಬಯಲು ಕುದಿಯುವಾಗಲೂ ಮೇಲೆ ಪೈನ್ ಮರಗಳ ನೆರಳು, ತಂಪು. ನಾಯಿಗಳು ಇಲ್ಲಿ ಸುಧಾರಿಸಿಕೊಳ್ಳಲಿ. ಆಮೇಲೆ ಮೆಡಿಸಿನ್ ಹ್ಯಾಟ್, ಬ್ರೂಕ್ಸ್ ಹತ್ತಿರದ ಡೈನೊಸಾರ್ ಪ್ರಾಂತೀಯ ಪಾರ್ಕು, ಕೊನೆಗೆ ಕ್ಯಾಲ್ಗರಿ. ಡೈನೊಸಾರ್ ಪಾರ್ಕು 1979ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿನ ಬಸ್ ಪ್ರವಾಸಕ್ಕೆ ನಾಯಿ ಹತ್ತಿಸುವುದಿಲ್ಲ, ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಹೋಗಬೇಕು. ಡ್ರಮ್‌ಹೆಲ್ಲರ್‌ನ ರಾಯಲ್ ಟಿರೆಲ್ ಮ್ಯೂಸಿಯಂಗೂ ಇದೇ ಪಾಳಿ.

ಸಸ್ಕಾಚೆವಾನ್‌ನಲ್ಲಿ ರೀಜನಲ್ ಪಾರ್ಕ್ ಅನ್ನುವ ಸಣ್ಣ ಊರುಗಳ ಪಾರ್ಕುಗಳು ತುಂಬ ಇವೆ. ಒಂದು ಕೆರೆ, ಒಂದು ಗಾಲ್ಫ್ ಮೈದಾನ, ಒಂದಿಷ್ಟು ಮರ. ಅಗ್ಗ, ನಾಯಿಗಳ ಬಗ್ಗೆ ಉದಾರಿಗಳು. ದೊಡ್ಡ ಪಾರ್ಕಿನಲ್ಲಿ ಜಾಗ ಸಿಗದಿದ್ದರೆ ಬೇಸರ ಬೇಡ.

ಹಂತ 4: ಮನೆ ಹತ್ತಿರವೇ ಒಂದು ರಾತ್ರಿ

ಸೀದಾ ಹೊರಟುಬಿಡಬೇಡಿ. ವಿನಿಪೆಗ್‌ನವರಾದರೆ ಮೊದಲ ರಾತ್ರಿ ಬರ್ಡ್ಸ್ ಹಿಲ್ ಪಾರ್ಕಿನಲ್ಲಿ ಕಳೆಯಿರಿ. ಜನರೇಟರ್ ಸದ್ದು, ನೀರಿನ ಪಂಪಿನ ಗುರ್ರ್ ಸದ್ದು, ಅಲುಗಾಡುವ ನೆಲ ಎಲ್ಲವೂ ನಾಯಿಗೆ ಹೊಸದು. ಏನು ಮರೆತಿದ್ದೀರಿ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ, ಮನೆ ಅರ್ಧ ಗಂಟೆ ದೂರ.

ಸಾಮಾನಿನಲ್ಲಿ ಇವು ಮುಖ್ಯ: ನೆಲಕ್ಕೆ ಅಥವಾ ಸೀಟಿಗೆ ಬಿಗಿಯಾಗಿ ಕಟ್ಟಬಹುದಾದ ಕ್ರೇಟ್, ಸೀಟ್‌ಬೆಲ್ಟಿಗೆ ಸಿಕ್ಕಿಸುವ ಹಾರ್ನೆಸ್, 3 ಮೀಟರ್ ಮೀರದ ಲೀಶ್ (ರಾಷ್ಟ್ರೀಯ ಉದ್ಯಾನಗಳ ನಿಯಮ ಅದು), ಬಾಚಣಿಗೆ, ಚಿಮಟ, ಉಣುಗು ಕೀಳುವ ಕೊಕ್ಕೆ, ನಾಯಿಯ ಬೂಟು, 20 ಲೀಟರಿನ ಕುಡಿಯುವ ನೀರಿನ ಕ್ಯಾನ್.

ನೀರಿನ ಕ್ಯಾನ್ ಯಾಕೆ ಅಂದರೆ, ಪ್ರೈರಿಯ ಬಾವಿ ನೀರು ಬಹಳ ಕಡೆ ಗಡಸು. ರುಚಿ ಬದಲಾದರೆ ಕೆಲವು ನಾಯಿಗಳು ಕುಡಿಯುವುದನ್ನೇ ಬಿಡುತ್ತವೆ, ಕುಡಿದವು ಭೇದಿ ಮಾಡಿಕೊಳ್ಳುತ್ತವೆ. ಮನೆ ನೀರಿಗೆ ಹೊಸ ನೀರು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋಗಿ.

ಊಟದ ಬಗ್ಗೆ ನಮ್ಮವರಿಗೆ ಒಂದು ಮಾತು. ಮೊಸರನ್ನ ಕೊಡಿ, ಹೊಟ್ಟೆ ಕೆಟ್ಟಾಗ ಒಳ್ಳೆಯದೇ. ಒಗ್ಗರಣೆ ಬೇಡ. ಬಿಸಿಬೇಳೆಬಾತ್, ಪಲ್ಯ, ಹುಳಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ಅದು ನಾಯಿಯ ರಕ್ತಕಣಗಳನ್ನೇ ಹಾಳುಮಾಡುತ್ತದೆ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಇಕ್ಕಟ್ಟಿನ ಮೋಟರ್‌ಹೋಮ್‌ನಲ್ಲಿ ತಟ್ಟೆ ನಾಯಿಯ ಮೂಗಿನ ಮಟ್ಟದಲ್ಲೇ ಇರುತ್ತದೆ, ಅದಕ್ಕೇ ಹೇಳುತ್ತಿರುವುದು.

ಹಂತ 5: ಓಡಿಸುವ ದಿನ

ಪಶ್ಚಿಮಕ್ಕೆ ಹೋಗುವವರು ಬೆಳಿಗ್ಗೆಯೇ ಓಡಿಸಬೇಕು. ಸೂರ್ಯ ಬೆನ್ನಿಗಿರುತ್ತಾನೆ, ಗಾಳಿ ಇನ್ನೂ ಎದ್ದಿರುವುದಿಲ್ಲ. ಜೂನ್‌ನಲ್ಲಿ ರೀಜೈನಾದಲ್ಲಿ 5 ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ನಾಯಿಗಳು ಹೇಗಿದ್ದರೂ ನಿಮ್ಮನ್ನು ಎಬ್ಬಿಸಿರುತ್ತವೆ. ಒಂದು ಗಂಟೆ ನಡೆಸಿ, ಸ್ವಲ್ಪ ತಿನ್ನಿಸಿ, ಹೊಟ್ಟೆ ಇಳಿಯಲು ಬಿಟ್ಟು ಹೊರಡಿ. ವಾಂತಿ ಮಾಡಿಕೊಳ್ಳುವ ನಾಯಿಗೆ ಊಟ ನಿಂತ ಮೇಲೇ ಕೊಡುವುದು ಲೇಸು. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಮಧ್ಯಾಹ್ನ 1 ಗಂಟೆಯೊಳಗೆ ಪಾರ್ಕು ಸೇರಿಬಿಡಿ.

ಓಡುವ ವಾಹನದಲ್ಲಿ ನಾಯಿ ಕಟ್ಟಿಯೇ ಇರಬೇಕು. ಹಾಸಿಗೆ ಮೇಲೆ ಮಲಗಿದ ನಾಯಿ ಮುದ್ದಾಗಿ ಕಾಣುತ್ತದೆ ನಿಜ. ಬ್ರೇಕ್ ಹಾಕಿದಾಗ 30 ಕಿಲೋ ನಾಯಿ ನಿಮ್ಮ ಬೆನ್ನಿಗೆ ಬಂದು ಬಡಿಯುತ್ತದೆ. ಹೊರಡುವ ಮುಂಚೆ ಕಿಟಕಿ, ಮೆಟ್ಟಿಲು, ಛಾವಣಿಯ ಗಾಳಿಗಿಂಡಿ, ಗ್ಯಾಸ್ ಕವಾಟ, ಕರೆಂಟ್ ವಯರ್ ಎಲ್ಲ ಒಂದು ಸುತ್ತು ನೋಡಿ. ಕೊನೆಗೆ ನಾಯಿಗಳನ್ನು ಎಣಿಸಿ. ನಗಬೇಡಿ.

ಇಲ್ಲಿ ಹಳ್ಳಿ ರಸ್ತೆಗಳು ಗೆರೆ ಎಳೆದ ಹಾಗೆ, ಒಂದು ಕಡೆ ಮೈಲಿಗೊಂದು, ಇನ್ನೊಂದು ಕಡೆ ಎರಡು ಮೈಲಿಗೊಂದು ಬರುತ್ತವೆ. ಸರ್ವೆ ಮಾಡುವಾಗ ಹಾಕಿದ ಚೌಕಗಳು ಅವು. ಗೂಗಲ್ ಮ್ಯಾಪ್ ಹತ್ತಿರದ ದಾರಿ ಅಂತ ಇವುಗಳ ಮೇಲೆ ಕಳಿಸುತ್ತದೆ. ಒಣಗಿದ್ದಾಗ ಜಲ್ಲಿ ರಸ್ತೆಯಲ್ಲಿ ನಿಧಾನವಾಗಿ ಹೋಗಬಹುದು. ಬರೀ ಮಣ್ಣಿನ ರಸ್ತೆ, ಅದೂ ಮಳೆ ಬಂದ ಮೇಲೆ, ಖಂಡಿತ ಬೇಡ. ರೀಜೈನಾ ಸುತ್ತಲಿನ ಜೇಡಿಗೆ ಗಂಬೊ ಅನ್ನುತ್ತಾರೆ. ನವಲಗುಂದ, ನರಗುಂದದ ಎರೆ ಹೊಲ ತುಳಿದವರಿಗೆ ವಿವರಿಸಬೇಕಾಗಿಲ್ಲ: ಒಣಗಿದರೆ ಬಿರುಕು, ನೆನೆದರೆ ಬೆಣ್ಣೆ. ನಾಲ್ಕೈದು ಟನ್ನಿನ ಮನೆ ಅದರಲ್ಲಿ ಹೂತರೆ ಟ್ರ್ಯಾಕ್ಟರ್ ಕರೆಯಬೇಕು.

ಹಂತ 6: ಹುಲ್ಲಿಗೆ ಇಳಿದ ಮೇಲೆ

ಮೊದಲನೆಯದು ಹುಲ್ಲೇ. ಫಾಕ್ಸ್‌ಟೇಲ್ ಬಾರ್ಲಿ ಅನ್ನುವ ಹುಲ್ಲು ರಸ್ತೆ ಅಂಚಿನಲ್ಲಿ, ಉಪ್ಪು ನೆಲದಲ್ಲಿ ರೇಷ್ಮೆಯ ಕುಚ್ಚಿನ ಹಾಗೆ ಹೊಳೆಯುತ್ತಿರುತ್ತದೆ. ಜುಲೈ ಹೊತ್ತಿಗೆ ಒಣಗಿ ಉದುರುವ ಅದರ ಬೀಜಕ್ಕೆ ಹಿಮ್ಮುಖವಾದ ಸಣ್ಣ ಮುಳ್ಳುಗಳಿವೆ. ಅದಕ್ಕೆ ಮುಂದೆ ಹೋಗುವುದು ಮಾತ್ರ ಗೊತ್ತು. ಬೆರಳ ಸಂದಿ, ಕಿವಿ, ಮೂಗು, ಕಣ್ಣಿನ ಮೂಲೆ ಎಲ್ಲಿ ಹೊಕ್ಕರೂ ಒಳಕ್ಕೇ ಸಾಗುತ್ತದೆ, ಕೀವು ಕಟ್ಟುತ್ತದೆ. ಬಯಲಿನ ಸ್ಪಿಯರ್ ಗ್ರಾಸ್ ಕೂಡ ಇದೇ ಜಾತಿಯ ತುಂಟ, ಅದು ಚರ್ಮವನ್ನೇ ತೂರುತ್ತದೆ. ಪ್ರತಿ ನಡಿಗೆಯ ನಂತರ ನಾಯಿಯನ್ನು ಮಲಗಿಸಿ ಬೆರಳ ಸಂದಿ, ಕಿವಿಯೊಳಗೆ, ಕಂಕುಳು, ಹೊಟ್ಟೆಯಡಿ ಕೈಯಾಡಿಸಿ. ಉಣುಗನ್ನೂ ಆಗಲೇ ಹುಡುಕಿ. ಒಂದೇ ಸಮ ಸೀನುವ, ತಲೆ ಒಂದು ಕಡೆಗೆ ವಾಲಿಸಿ ಒದರುವ ನಾಯಿಯನ್ನು ಅವತ್ತೇ ವೈದ್ಯರಿಗೆ ತೋರಿಸಿ. ಪಂಜದ ಸುತ್ತಲಿನ ಉದ್ದ ಕೂದಲನ್ನು ಹೊರಡುವ ಮುಂಚೆಯೇ ಕತ್ತರಿಸಿದ್ದರೆ ಅರ್ಧ ಕೆಲಸ ಉಳಿಯುತ್ತದೆ.

ಎರಡನೆಯದು ನೀರು. ಹೊಲದ ನಡುವಿನ ಹೊಂಡಗಳಿಗೆ ಇಲ್ಲಿ ಸ್ಲೂ ಅನ್ನುತ್ತಾರೆ, ತೋಡಿದ ಕಟ್ಟೆಗೆ ಡಗೌಟ್. ಬೇಸಿಗೆಯಲ್ಲಿ ನೀರು ಆರಿ ಲವಣ ಉಳಿಯುತ್ತದೆ, ಸಲ್ಫೇಟ್ ಏರಿದ ನೀರು ಕುಡಿದು ದನಗಳೇ ಸತ್ತದ್ದಿದೆ. ಚಾಪ್ಲಿನ್ ಕೆರೆ ದೂರದಿಂದ ಹಿಮ ಬಿದ್ದ ಹಾಗೆ ಕಾಣುತ್ತದೆ, ಅದು ಸೋಡಿಯಂ ಸಲ್ಫೇಟ್. ಹಕ್ಕಿ ನೋಡಲು ಒಳ್ಳೆಯ ಜಾಗ, ನಾಯಿ ಈಜಲು ಅಲ್ಲ. ದೊಡ್ಡ ಕೆರೆಗಳಲ್ಲಿ ಬಿಸಿಲು ಏರಿದಾಗ ಹಸಿರು ಬಣ್ಣ ಕಲಸಿದಂತೆ ನೀಲಿ-ಹಸಿರು ಪಾಚಿ ತೇಲುತ್ತದೆ. ಅದರಲ್ಲಿ ಇಳಿದ ನಾಯಿ ಮೈ ನೆಕ್ಕಿಕೊಂಡರೂ ಸಾಕು, ಕೆಲವೇ ಗಂಟೆಗಳಲ್ಲಿ ಜೀವಕ್ಕೇ ಕುತ್ತು ಬರಬಹುದು. ನೀರು ಕಲಕಿದಂತಿದ್ದರೆ, ದಡದಲ್ಲಿ ಹಸಿರು ಕೆನೆ ಕಂಡರೆ ಇಳಿಸಲೇಬೇಡಿ.

ಗೋಫರ್ ಅಂತ ಕರೆಯುವ ನೆಲದ ಅಳಿಲುಗಳು ಎಲ್ಲ ಕಡೆ ತಲೆ ಎತ್ತಿ ನಿಂತಿರುತ್ತವೆ. ನಾಯಿಗೆ ಹುಚ್ಚು ಹಿಡಿಸಲು ಅಷ್ಟು ಸಾಕು. ಅವುಗಳ ಬಿಲದಲ್ಲಿ ಕಾಲು ಸಿಕ್ಕಿ ಉಳುಕುತ್ತದೆ. ರೈತರು ವಿಷ ಇಟ್ಟಿರಬಹುದು, ಆದ್ದರಿಂದ ಸತ್ತ ಗೋಫರ್ ಬಾಯಿಗೆ ಹೋಗಬಾರದು. ಗ್ರಾಸ್‌ಲ್ಯಾಂಡ್ಸ್‌ನಲ್ಲಿರುವ ಪ್ರೈರಿ ಡಾಗ್‌ಗಳು ಬೇರೆ. ಅವು ನಾಯಿಯಲ್ಲ, ಅಳಿಲಿನ ಬಳಗದವು. ಕೆನಡಾದಲ್ಲಿ ಅವು ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವುದು ಈ ಒಂದು ಪ್ರದೇಶದಲ್ಲಿ ಮಾತ್ರ. ಅವುಗಳ ಚಿಗಟಗಳಿಂದ ಪ್ಲೇಗ್ ಹರಡಬಹುದು, ಅವುಗಳ ಬಿಲಗಳ ಹತ್ತಿರ ನಾಯಿಯನ್ನು ಒಯ್ಯಬೇಡಿ. ಅಲ್ಲೇ ಕಾಡೆಮ್ಮೆಯಂಥ ಬೈಸನ್ ಹಿಂಡೂ ಇದೆ. 100 ಮೀಟರ್ ದೂರ ಇರಿ. ಬೈಸನ್‌ಗೆ ನಾಯಿ ಅಂದರೆ ತೋಳ.

ಬಿಸಿಲು ಬಿದ್ದ ಬಂಡೆ, ಹೊಳೆ ದಂಡೆಗಳಲ್ಲಿ ರ‍್ಯಾಟಲ್ ಹಾವು ಇರುತ್ತದೆ: ಗ್ರಾಸ್‌ಲ್ಯಾಂಡ್ಸ್, ಮೆಡಿಸಿನ್ ಹ್ಯಾಟ್ ಸುತ್ತ, ಡೈನೊಸಾರ್ ಪಾರ್ಕು. ಕಚ್ಚಿದರೆ ನಾಯಿಯನ್ನು ನಡೆಸಬೇಡಿ, ಎತ್ತಿಕೊಳ್ಳಿ. ಕಟ್ಟು ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ವೈದ್ಯರಿಗೆ ಫೋನ್ ಮಾಡುತ್ತಾ ಹೊರಡಿ. ಮುಳ್ಳುಹಂದಿಯ ಮುಳ್ಳು ಚುಚ್ಚಿದರೂ ನೀವೇ ಕೀಳಲು ಹೋಗಬೇಡಿ, ತುಂಡಾಗಿ ಒಳಗೇ ಉಳಿಯುತ್ತದೆ. ಸಣ್ಣ ಊರುಗಳ ಪಶುವೈದ್ಯರು ಹೆಚ್ಚಾಗಿ ದನದ ವೈದ್ಯರು, ಆದರೆ ಮುಳ್ಳು ಕೀಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ದೊಡ್ಡ ತೊಂದರೆಗೆ ಸಸ್ಕಟೂನ್‌ನ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದೆ.

ಸ್ಕಂಕ್ ಸಿಂಪಡಿಸಿದರೆ? ನಾಯಿಯನ್ನು ಒಳಗೆ ಬಿಡಬೇಡಿ, ಅದೇ ಮೊದಲ ಕೆಲಸ. ಒಂದು ಲೀಟರ್ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್, ಕಾಲು ಕಪ್ ಅಡುಗೆ ಸೋಡ, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಕಣ್ಣಿಗೆ ತಾಗದಂತೆ ಉಜ್ಜಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಉಳಿದದ್ದನ್ನು ಬಾಟಲಿಗೆ ತುಂಬಿ ಮುಚ್ಚಿಟ್ಟರೆ ಸಿಡಿಯುತ್ತದೆ, ಚೆಲ್ಲಿಬಿಡಿ.

ಬೇಲಿ ಇಲ್ಲದ ಹೊಲ ಕಂಡ ತಕ್ಷಣ ನಾಯಿ ಬಿಡುವ ಆಸೆ ಆಗುತ್ತದೆ. ಸಸ್ಕಾಚೆವಾನ್‌ನಲ್ಲಿ 2022ರಿಂದ ಖಾಸಗಿ ಜಮೀನಿಗೆ ಕಾಲಿಡಲು ಮೊದಲೇ ಅನುಮತಿ ಬೇಕು. ಕೇಳಿದರೆ ಬಹುತೇಕ ರೈತರು ಕೊಡುತ್ತಾರೆ. ದನ ಅಟ್ಟುವ ನಾಯಿಯನ್ನು ಕಂಡರೆ ಮಾತ್ರ ಯಾರೂ ಸುಮ್ನೆ ಇರುವುದಿಲ್ಲ.

ಹಂತ 7: ಕರೆಂಟು ಮತ್ತು ಬಿಸಿಲು

ನಿಲ್ಲಿಸಿದ ಮೋಟರ್‌ಹೋಮ್ ಕಾರಿನಷ್ಟೇ ಬಿಸಿಯಾಗುತ್ತದೆ. ಮುಚ್ಚಿದ ವಾಹನದೊಳಗೆ ಒಂದು ಗಂಟೆಯಲ್ಲಿ ತಾಪ 20 ಡಿಗ್ರಿ ಏರಬಹುದು. ಎಸಿ ನಡೆಯಲು 30 ಆಂಪಿಯರ್ ಸಂಪರ್ಕ ಬೇಕು. ಹಳೆಯ ಪಾರ್ಕುಗಳ ಕೆಲವು ಜಾಗಗಳಲ್ಲಿ 15 ಆಂಪಿಯರ್ ಮಾತ್ರ, ಅದರಲ್ಲಿ ದೀಪ ಉರಿಯುತ್ತದೆ, ಎಸಿ ಟ್ರಿಪ್ ಆಗುತ್ತದೆ. ಕಾಯ್ದಿರಿಸುವಾಗ ಇದನ್ನೇ ಕೇಳಿ. ಎಸಿ ಹಾಕಿದ್ದೇವೆ ಅಂತ ನಾಯಿಗಳನ್ನು ಬಿಟ್ಟು ದಿನಪೂರ್ತಿ ಹೋಗಬೇಡಿ. ಕರೆಂಟ್ ಹೋದರೆ ನಿಮಗೆ ಗೊತ್ತಾಗುವುದಿಲ್ಲ. ಫೋನಿಗೆ ತಾಪ ಕಳಿಸುವ ಉಪಕರಣಗಳಿವೆ, ಆದರೆ ಗ್ರಾಸ್‌ಲ್ಯಾಂಡ್ಸ್ ಕಡೆ ಸಿಗ್ನಲ್ಲೇ ಬಹಳ ಕಡೆ ಇಲ್ಲ. ಎಷ್ಟೋ ಪಾರ್ಕುಗಳು ನಾಯಿಯನ್ನು ಒಂಟಿಯಾಗಿ ಬಿಡುವುದನ್ನೇ ಒಪ್ಪುವುದಿಲ್ಲ.

ಏದುಸಿರು ನಿಲ್ಲುತ್ತಿಲ್ಲ, ಒಸಡು ಕಡುಕೆಂಪು, ಹೆಜ್ಜೆ ತಪ್ಪುತ್ತಿದೆ ಅಂದರೆ ಬಿಸಿಲಿನ ಹೊಡೆತ. ತಣ್ಣೀರು ಸುರಿದು, ಗಾಳಿ ಹಾಕಿ, ವೈದ್ಯರ ಕಡೆ ಹೊರಡಿ.

ಹಂತ 8: ಸಿಡಿಲು, ಆಲಿಕಲ್ಲು

ಜೂನ್‌ನಿಂದ ಆಗಸ್ಟ್‌ವರೆಗೆ ಸಂಜೆಯ ಮೋಡ ನಿಮಿಷಗಳಲ್ಲಿ ಕಟ್ಟುತ್ತದೆ. ವೆದರ್‌ಕ್ಯಾನ್ ಆ್ಯಪ್ ಹಾಕಿಕೊಳ್ಳಿ, ಎಚ್ಚರಿಕೆ ಬರುವಂತೆ ಇಡಿ. ಗಾಳಿ ಏಳುವ ಮುಂಚೆಯೇ ಬಿಸಿಲು ಚಪ್ಪರ ಮಡಚಿ, ಅದು ಕಿತ್ತು ಹೋದರೆ ದುಬಾರಿ. ಸುಂಟರಗಾಳಿ ಎಚ್ಚರಿಕೆ ಬಂದರೆ ಮೋಟರ್‌ಹೋಮ್ ಆಸರೆ ಅಲ್ಲ. ಪಾರ್ಕು ಸೇರಿದ ದಿನವೇ ಗಟ್ಟಿ ಗೋಡೆಯ ಸ್ನಾನಗೃಹ ಎಲ್ಲಿದೆ ನೋಡಿಟ್ಟುಕೊಳ್ಳಿ. ರಾತ್ರಿ ಮಲಗುವಾಗ ಬೂಟು, ಟಾರ್ಚು, ಲೀಶ್ ಬಾಗಿಲ ಬಳಿಯೇ ಇರಲಿ. ಗುಡುಗಿಗೆ ಹೆದರುವ ನಾಯಿ ಬಾಗಿಲು ತೆರೆದ ಕ್ಷಣದಲ್ಲೇ ಓಡಿಹೋಗುತ್ತದೆ, ಹಾಗಾಗಿ ಮೊದಲು ಲೀಶ್, ಆಮೇಲೆ ಬಾಗಿಲು.

ಹಂತ 9: ವಾಪಸ್ ಕೊಡುವಾಗ

ಹಿಂದಿನ ದಿನವೇ ಸ್ಯಾನಿ-ಡಂಪ್‌ನಲ್ಲಿ ಕೊಳೆ ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿ. ಮೊದಲು ಶೌಚದ್ದು, ಆಮೇಲೆ ಸ್ನಾನ-ಪಾತ್ರೆಯದು, ಆಗ ಕೊಳವೆ ತಾನೇ ತೊಳೆದುಕೊಳ್ಳುತ್ತದೆ. ರಬ್ಬರ್ ಗ್ಲೌಸ್ ಹಾಕಿ ಸೀಟಿನ ಬಟ್ಟೆ ಸವರಿದರೆ ನಾಯಿ ಕೂದಲು ಉಂಡೆಯಾಗಿ ಬರುತ್ತದೆ. ಒಳಗೂ ಹೊರಗೂ ವೀಡಿಯೊ ತೆಗೆದುಕೊಳ್ಳಿ.

ಮನೆ ಸೇರಿದ ಮೇಲೂ ಎರಡು ವಾರ ನಾಯಿಗಳ ಪಂಜ, ಕಿವಿ ನೋಡುತ್ತಿರಿ. ಕುಂಟುವುದು, ಜ್ವರ, ಊಟ ಬಿಡುವುದು ಕಂಡರೆ ವೈದ್ಯರಿಗೆ ನೀವು ಯಾವ ಯಾವ ಪಾರ್ಕಿನಲ್ಲಿ ಇದ್ದಿರಿ ಅಂತ ಹೇಳಿ. ಲೈಮ್ ಕಾಯಿಲೆಯ ಲಕ್ಷಣ ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು. ಉಣುಗಿನ ತಡೆ ಮಾತ್ರೆಯನ್ನೂ ಹಿಮ ಬೀಳುವವರೆಗೆ ನಿಲ್ಲಿಸಬೇಡಿ.